ಗುಟ್ಟು ಗೊತ್ತಿದ್ದವರ ಲೆಕ್ಕ: ಒಂದು ರಹಸ್ಯ ಧಾರಾವಾಹಿ ಮುಗಿದ ಬಗೆ

ಕನ್ನಡದ ಒಂದು ಮನರಂಜನಾ ಚಾನೆಲ್‌ನಲ್ಲಿ ಎರಡು ವರ್ಷ ಓಡಿ ಮುಗಿದ ರಹಸ್ಯ ಧಾರಾವಾಹಿಯೊಂದರ ಪ್ರಕರಣ ಇದು. ಅದರ ಕೊನೆಯ ಹಂತದಲ್ಲಿ ನಾನು ಚಿತ್ರಕಥೆಯ ತಂಡದಲ್ಲಿದ್ದೆ. ಚಾನೆಲ್, ನಿರ್ಮಾಣ ಸಂಸ್ಥೆ, ಕಲಾವಿದರು ಯಾರೆಂದು ತಿಳಿಯಬಾರದೆಂದು ಕಥೆಯ ಹೊರ ವಿವರಗಳನ್ನೂ ಪಾತ್ರಗಳ ಹೆಸರನ್ನೂ ಬದಲಿಸಿದ್ದೇನೆ. ತೀರ್ಮಾನಗಳು ಯಾವ ಕ್ರಮದಲ್ಲಿ ಆದವೋ ಅದನ್ನು ಮಾತ್ರ ಹಾಗೇ ಇಟ್ಟಿದ್ದೇನೆ.

ಹಿನ್ನೆಲೆ

ಮಲೆನಾಡಿನ ಒಂದು ದೊಡ್ಡ ಮನೆ. ಹತ್ತೊಂಬತ್ತು ವರ್ಷದ ಹಿಂದೆ, ಊರ ತೇರಿನ ರಾತ್ರಿ, ಆ ಮನೆಯ ಕಿರಿಸೊಸೆ ಶಾರದೆ ಕಾಣೆಯಾಗಿದ್ದಾಳೆ. ಕೆರೆ ಏರಿಯ ಮೇಲೆ ಅವಳ ಒಂದು ಚಪ್ಪಲಿ ಸಿಕ್ಕಿದೆ, ಹೆಣ ಸಿಕ್ಕಿಲ್ಲ. ಹಾಸ್ಟೆಲ್‌ನಲ್ಲೇ ಬೆಳೆದ ಮಗಳು ಅನಘಾ ಓದು ಮುಗಿಸಿ ಮನೆಗೆ ಮರಳುತ್ತಾಳೆ. ಅವಳು ಬಂದ ಮೇಲೆ ಪ್ರತಿ ಅಮಾವಾಸ್ಯೆಗೂ ಶಾರದೆಯ ಅಕ್ಷರದಲ್ಲೇ ಒಂದು ಕಾಗದ ಬರತೊಡಗುತ್ತದೆ. ಮೊದಲ ಸಂಚಿಕೆಯ ಹುಕ್, ಅಂದರೆ ನೋಡುಗರನ್ನು ಹಿಡಿದಿಡುವ ಕೊಕ್ಕೆ, ಅದೇ ಕಾಗದ.

ಮೂಲ ಕಥೆಯಲ್ಲಿ ಉತ್ತರ ನೇರವಾಗಿತ್ತು. ಪಾಲುಪತ್ರಕ್ಕೆ ಸಹಿ ಹಾಕಲು ಒಪ್ಪದ ಶಾರದೆಯನ್ನು ದೊಡ್ಡಪ್ಪನೇ ಕೊಂದು ಹಾಳು ಬಾವಿಗೆ ಹಾಕಿದ್ದಾನೆ. ಕಾಗದ ಬರೆಯುತ್ತಿರುವವನು ಮನೆಯ ಹಳೇ ಗುಮಾಸ್ತ. ಚಾನೆಲ್‌ಗೆ ಒಪ್ಪಿಸಿದ ಒನ್‌ಲೈನ್‌ನಲ್ಲಿ, ಅಂದರೆ ಕಥೆಯ ಸಾರಾಂಶದಲ್ಲಿ, 130 ಸಂಚಿಕೆ ಎಂದಿತ್ತು. ಮುಗಿದಾಗ 500 ದಾಟಿತ್ತು.

ಕನ್ನಡದ ನೋಡುಗರಿಗೆ ರಹಸ್ಯ ಧಾರಾವಾಹಿ ಹೊಸದೇನಲ್ಲ. ದೂರದರ್ಶನದ ಕಾಲದಲ್ಲಿ ಸದಾನಂದ ಸುವರ್ಣ ಅವರ ‘ಗುಡ್ಡದ ಭೂತ’ ಬಂದಿತ್ತು, ಇವತ್ತಿಗೂ ಅದರ ಶೀರ್ಷಿಕೆ ಗೀತೆಯನ್ನು ಗುನುಗುವವರಿದ್ದಾರೆ. ಆದರೆ ಅದು ವಾರಕ್ಕೊಂದು ಕಂತು, ಕೆಲವೇ ವಾರಗಳ ಲೆಕ್ಕ. ಗುಟ್ಟನ್ನು ಅಷ್ಟು ಹೊತ್ತು ಮುಚ್ಚಿಡುವುದು ಕಷ್ಟವಲ್ಲ. ಈಗಿನ ಲೆಕ್ಕವೇ ಬೇರೆ. ವಿಮಾನ ಬಿದ್ದು ದ್ವೀಪವೊಂದರಲ್ಲಿ ಸಿಕ್ಕಿಕೊಂಡವರ ಕಥೆ ಹೇಳಿದ, ಜಗತ್ತೆಲ್ಲ ಮಾತಾಡಿಕೊಂಡ ಅಮೆರಿಕದ ‘ಲಾಸ್ಟ್’ 2004ರಿಂದ 2010ರವರೆಗೆ ಆರು ಸೀಸನ್ ಓಡಿತು, ಒಟ್ಟು 121 ಸಂಚಿಕೆ. ವಾರಕ್ಕೆ ಐದು ದಿನ ಬರುವ ನಮ್ಮ ಧಾರಾವಾಹಿ ಅಷ್ಟು ಸಂಚಿಕೆಯನ್ನು ಆರು ತಿಂಗಳೊಳಗೆ ಮುಗಿಸಿಬಿಡುತ್ತದೆ. ಬರೆಯುವವರಿಗೆ ನಿನ್ನೆ ಬರೆದದ್ದನ್ನು ತಿರುಗಿ ಓದುವಷ್ಟೂ ಪುರುಸೊತ್ತಿಲ್ಲ. ಬೆಳಿಗ್ಗೆ ಕಳಿಸಿದ ಸೀನ್ ಮಧ್ಯಾಹ್ನ ಶೂಟ್ ಆಗುತ್ತಿರುತ್ತದೆ, ಮುಂಚೆಯೇ ತಯಾರಾಗಿರುವ ಸಂಚಿಕೆಯ ಬ್ಯಾಂಕ್ ಎರಡೋ ಮೂರೋ ದಿನದ್ದು.

ಸಿಕ್ಕು ಬಿದ್ದದ್ದು

ತೊಂದರೆ ಗೆಲುವಿನಿಂದಲೇ ಶುರುವಾಯಿತು. ಎಷ್ಟು ಜನ ನೋಡಿದರೆಂದು ಹೇಳುವ ಬಾರ್ಕ್ ಅಂಕಿ ಗುರುವಾರ ಬಂದಾಗಲೆಲ್ಲ ಸ್ಲಾಟ್‌ನಲ್ಲಿ ಧಾರಾವಾಹಿ ಮುಂದಿರುತ್ತಿತ್ತು. ನೂರನೇ ಸಂಚಿಕೆಯ ಕೇಕ್ ಕತ್ತರಿಸಿದ ದಿನವೇ ಚಾನೆಲ್‌ನವರು ಎಕ್ಸ್‌ಟೆನ್ಷನ್ ಮಾತಾಡಿದರು. ಅಷ್ಟು ಹೊತ್ತಿಗೆ ಪ್ರೋಮೋಗಳ ಕೆಳಗಿನ ಕಮೆಂಟ್‌ಗಳಲ್ಲಿ ಜನ ಉತ್ತರ ಹೇಳಿಯಾಗಿತ್ತು. “ದೊಡ್ಡಪ್ಪನೇ ಕಣ್ರೀ, ಬಾವಿ ಕಡೆ ಯಾರನ್ನೂ ಬಿಡಲ್ಲ ನೋಡಿ” ಅಂತ ಒಬ್ಬರು ಬರೆದದ್ದಕ್ಕೆ ನೂರಾರು ಲೈಕ್.

ಇಲ್ಲಿ ಮೊದಲ ಕವಲು. ಜನ ಊಹಿಸಿದ್ದಾರೆ ಎಂಬ ಕಾರಣಕ್ಕೆ ಉತ್ತರ ಬದಲಿಸಬೇಕೆ? ಚಾನೆಲ್‌ನ ಫಿಕ್ಷನ್ ವಿಭಾಗ ಬದಲಿಸಿ ಎಂದಿತು. ನಿರ್ದೇಶಕರು ಒಪ್ಪಿದರು. ಮೂಲ ಕಥೆಗಾರರು ಒಪ್ಪದೆ ಸ್ವಲ್ಪ ದಿನದಲ್ಲೇ ತಂಡ ಬಿಟ್ಟರು. ನನ್ನ ಪ್ರಕಾರ ಊಹೆ ಸರಿಯಾಗುವುದು ನೋಡುಗರಿಗೆ ಸೋಲಲ್ಲ, ಅವರಿಗೆ ಅದರಲ್ಲಿ ಒಂದು ಹೆಮ್ಮೆಯಿದೆ. ಸುಳಿವನ್ನು ನಾವೇ ಇಟ್ಟು, ಅದನ್ನು ಹಿಡಿದವರಿಗೆ ನೀವು ತಪ್ಪು ಎನ್ನುವುದು ಮೋಸದಾಟ. ಆದರೆ ಆ ಮಾತಿಗೆ ಆಗ ಬೆಲೆಯಿರಲಿಲ್ಲ, ನಾನೂ ಆಗ ಆ ತಂಡದಲ್ಲಿರಲಿಲ್ಲ.

ಮಾಡಿ ನೋಡಿದ್ದು

ಮೊದಲು ಅನಘಾಳ ಅಪ್ಪನ ಮೇಲೆ ಅನುಮಾನ ತಿರುಗಿಸಿದರು. ಅವನ ಬೀರುವಿನಲ್ಲಿ ಶಾರದೆಯ ಇನ್ನೊಂದು ಚಪ್ಪಲಿ ಸಿಕ್ಕಿತು. ಟ್ರ್ಯಾಕ್ ಚೆನ್ನಾಗೇ ಹೋಗುತ್ತಿತ್ತು. ಆದರೆ ಆ ಪಾತ್ರದ ಕಲಾವಿದರು ಒಂದು ದಿನ ಸೆಟ್‌ನಲ್ಲಿ ಕೂತುಬಿಟ್ಟರು: ಹೆಂಡತಿಯನ್ನು ಕೊಂದವನ ಪಾತ್ರ ಮಾಡಿದರೆ ಊರುಗಳ ಉತ್ಸವಕ್ಕೆ, ಅಂಗಡಿ ಉದ್ಘಾಟನೆಗೆ ಯಾರು ಕರೆಯುತ್ತಾರೆ? ಹೊರಗಿನವರಿಗೆ ನಗು ಬರಬಹುದು. ಧಾರಾವಾಹಿ ಕಲಾವಿದರ ಸಂಪಾದನೆಯಲ್ಲಿ ಅಂಥ ಕಾರ್ಯಕ್ರಮಗಳ ಪಾಲು ಸಣ್ಣದಲ್ಲ. ಚಪ್ಪಲಿಯನ್ನು ಬೇರೆ ಯಾರೋ ಅಲ್ಲಿ ತಂದಿಟ್ಟರೆಂದು ಬರೆದು ಅಪ್ಪನನ್ನು ಬಿಡಿಸಿದರು. ತಂದಿಟ್ಟವರು ಯಾರೆಂದು ಬರೆಯಲಿಲ್ಲ.

ಆಮೇಲೆ ಒಬ್ಬ ಸ್ವಾಮಿ ಬಂದ. ಮನೆಯ ಕೆಳಗೆ ನಿಧಿಯಿದೆ ಎಂದ, ಹಾವೂ ಬಂತು. ಕೆಲವು ವಾರ ಅಂಕಿ ಏರಿ ಇಳಿಯಿತು. ಅಷ್ಟರಲ್ಲಿ ಗುಮಾಸ್ತನ ಪಾತ್ರದವರು ಸಿನಿಮಾದ ಡೇಟ್ಸ್ ಸಿಕ್ಕಿತೆಂದು ಹೋದರು. ಕಾಗದಗಳು ಬರುತ್ತಲೇ ಇದ್ದವು, ಬರೆಯುವವನೇ ಕಥೆಯಲ್ಲಿ ಇರಲಿಲ್ಲ.

ಮೂರನೆಯದು ದುಬಾರಿಯಾಯಿತು. ‘ಶಾರದೆ ಬದುಕಿದ್ದಾಳೆ!’ ಎಂಬ ಪ್ರೋಮೋ ಬಿಟ್ಟರು. ಸೀರೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡ ಹೆಂಗಸು ಹೊಸ್ತಿಲ ಮೇಲೆ ನಿಂತಿದ್ದಾಳೆ, ಅನಘಾ “ಅಮ್ಮಾ” ಎಂದು ಓಡಿಹೋಗಿ ತಬ್ಬಿಕೊಳ್ಳುತ್ತಾಳೆ. ಆ ವಾರದ ಮಹಾಸಂಚಿಕೆಯನ್ನು ನೋಡಿದಷ್ಟು ಜನ ಹಿಂದೆ ಯಾವತ್ತೂ ನೋಡಿರಲಿಲ್ಲ. ಎರಡು ತಿಂಗಳಾದ ಮೇಲೆ ಅವಳು ಆಸ್ತಿಗಾಗಿ ಬಂದ ನಕಲಿ ಶಾರದೆ ಎಂದು ಗೊತ್ತಾಯಿತು. ಕಮೆಂಟ್‌ಗಳ ದನಿ ಅಲ್ಲಿಂದ ಬದಲಾಯಿತು. ಅದುವರೆಗೆ ಊಹೆ, ಜಗಳ, ತಮಾಷೆ ಇರುತ್ತಿತ್ತು. ಈಗ ಬಂದದ್ದು “ನಮ್ಮಮ್ಮ ಆ ಸೀನ್ ನೋಡಿ ಅತ್ತಿದ್ರು, ಅವರಿಗೆ ಏನು ಹೇಳಲಿ?” ಎಂಬಂಥವು. ಅಂಕಿಯಲ್ಲಿ ಕುಸಿತ ಕಾಣಲು ಇನ್ನೂ ಕೆಲವು ವಾರ ಹಿಡಿಯಿತು. ನಂಬಿಕೆ ಹೋದದ್ದು ಮಾತ್ರ ಆ ಸಂಚಿಕೆಯಲ್ಲೇ. ಒಂಬತ್ತರ ಸ್ಲಾಟ್‌ನಿಂದ ಹತ್ತೂವರೆಗೆ ತಳ್ಳಿದರು. ಹೊಸ ಧಾರಾವಾಹಿ ಬರುತ್ತಿದೆ, ಏಳು ವಾರದಲ್ಲಿ ಮುಗಿಸಿ ಎಂಬ ಮಾತು ಆಮೇಲೆ ಬಂತು.

ತಿರುವು

ಏಳು ವಾರವೆಂದರೆ 35 ಸಂಚಿಕೆ. ನಿರ್ದೇಶಕರು ಕುಗ್ಗಿಹೋದರು. ಚಿತ್ರಕಥೆಯ ಹಿರಿಯರೊಬ್ಬರಿಗೆ ಮಾತ್ರ ಇದು ವರವಾಗಿ ಕಂಡಿತು. ಅವರು ನೆನಪಿಸಿದ್ದು ‘ಲಾಸ್ಟ್’ನ ಕಥೆಯನ್ನೇ. ಅದರ ಬರಹಗಾರರು ಮೂರನೇ ಸೀಸನ್ ಹೊತ್ತಿಗೆ, ಎಂದು ಮುಗಿಯುತ್ತದೆಂದೇ ತಿಳಿಯದೆ ಕಥೆಯನ್ನು ನಿಂತಲ್ಲೇ ಸುತ್ತಿಸುತ್ತಿದ್ದರು. 2007ರ ಮೇ ತಿಂಗಳಲ್ಲಿ ಚಾನೆಲ್ ಇನ್ನು 48 ಸಂಚಿಕೆ, 2010ಕ್ಕೆ ಮುಕ್ತಾಯ ಎಂದು ಘೋಷಿಸಿತು. ಕಥೆ ಮತ್ತೆ ಓಡತೊಡಗಿದ್ದು ಆ ಹೊತ್ತಿನಿಂದ. ಕೊನೆಯ ಸಂಚಿಕೆಯ ಬಗ್ಗೆ ಜನ ಇವತ್ತಿಗೂ ಕಿತ್ತಾಡುತ್ತಾರೆ, ಅದು ಬೇರೆ ಮಾತು. ಅವರಿಗೆ ಮೂರು ವರ್ಷ ಸಿಕ್ಕಿತ್ತು, ನಮಗೆ ಏಳು ವಾರ. ಆದರೂ ತಾರೀಖು ತಾರೀಖೇ.

ತಾರೀಖು ಸಿಕ್ಕಿತು, ಉತ್ತರ ಸಿಗಬೇಕಲ್ಲ. ಅದು ಬಂದದ್ದು ಯಾರೂ ನಿರೀಕ್ಷಿಸದ ಕಡೆಯಿಂದ. ತಂಡದಲ್ಲಿ ಕಂಟಿನ್ಯುಟಿ ನೋಡಿಕೊಳ್ಳುತ್ತಿದ್ದ ಸಹಾಯಕ ನಿರ್ದೇಶಕಿಯೊಬ್ಬರಿದ್ದರು. ಯಾವ ಸೀನ್‌ನಲ್ಲಿ ಯಾವ ಸೀರೆ, ಯಾವ ಬಳೆ, ಕೈಯಲ್ಲಿ ಲೋಟ ಎಡಕ್ಕೋ ಬಲಕ್ಕೋ ಎಂದು ಬರೆದಿಡುವ ಕೆಲಸ. ಅವರು ತಾವಾಗಿಯೇ ಉದ್ದನೆಯ ರೂಲ್ಡ್ ಪುಸ್ತಕವೊಂದರಲ್ಲಿ ಕಥೆಯೇ ಎತ್ತಿ ಉತ್ತರಿಸದೆ ಬಿಟ್ಟ ಪ್ರಶ್ನೆಗಳನ್ನೂ ಬರೆದುಕೊಂಡು ಬಂದಿದ್ದರು. ನಾವೆಲ್ಲ ಅದನ್ನು ಸಾಲದ ಪುಸ್ತಕ ಎನ್ನುತ್ತಿದ್ದೆವು. ನಾಲ್ಕು ಕಲಂ: ಪ್ರಶ್ನೆ, ಅದು ಎದ್ದ ಸಂಚಿಕೆ, ಪ್ರೋಮೋದಲ್ಲಿ ಬಂದಿತ್ತೇ ಇಲ್ಲವೇ, ಮತ್ತು ಕಥೆಯೊಳಗೆ ಇದರ ಉತ್ತರ ಯಾರಿಗೆ ಮೊದಲೇ ಗೊತ್ತಿರಬೇಕು.

ಪ್ರಶ್ನೆಗಳು ಎಪ್ಪತ್ತರ ಆಸುಪಾಸು ಇದ್ದವು. ನಮ್ಮ ಕಣ್ಣೆಲ್ಲ ಮೊದಲ ಕಲಂ ಮೇಲಿತ್ತು, ಇಷ್ಟಕ್ಕೆಲ್ಲ ಉತ್ತರ ಹೇಗೆ ಕೊಡುವುದೆಂದು ತಲೆ ಮೇಲೆ ಕೈಹೊತ್ತು ಕೂತಿದ್ದೆವು. ಆಕೆ ನಾಲ್ಕನೇ ಕಲಂ ತೋರಿಸಿದರು. ಪುಟ ತಿರುಗಿಸಿದಷ್ಟೂ ಒಂದೇ ಹೆಸರು: ಸೀತತ್ತೆ.

ಸೀತತ್ತೆ ಎಂದರೆ ದೊಡ್ಡಪ್ಪನ ತಂಗಿ, ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದು ಅಡುಗೆಮನೆಯಲ್ಲೇ ಉಳಿದವಳು. ಕಥೆಯಲ್ಲಿ ಅವಳಿಗೆ ಟ್ರ್ಯಾಕ್ ಅಂತ ಇರಲೇ ಇಲ್ಲ. ಆದರೂ ಅವಳು ಎಲ್ಲ ಸೀನ್‌ನಲ್ಲೂ ಇದ್ದಳು. ಕಾರಣ ತೀರ ಸಾದಾ. ಆ ಕಲಾವಿದೆಯ ಮನೆ ಶೂಟಿಂಗ್ ಮನೆಯ ಹತ್ತಿರವೇ ಇತ್ತು, ಇಡೀ ದಿನದ ಕಾಲ್‌ಶೀಟ್ ಕೊಡುತ್ತಿದ್ದರು, ಸಂಭಾವನೆಯೂ ಹೆಚ್ಚಿರಲಿಲ್ಲ. ಫ್ರೇಮ್ ಖಾಲಿ ಕಾಣಬಾರದೆಂದು ನಿರ್ದೇಶಕರು ಅವರನ್ನು ಹಿಂದೆ ನಿಲ್ಲಿಸುತ್ತಿದ್ದರು. ಪಾಲುಪತ್ರದ ಜಗಳ ನಡೆಯುವಾಗ ಅವರು ಅವರೆಕಾಯಿ ಬಿಡಿಸುತ್ತಿದ್ದಾರೆ. ದೊಡ್ಡಪ್ಪ ಬಾವಿಯ ಹತ್ತಿರ ಹೋಗುವಾಗ ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದಾರೆ. ಬೀರುವಿನ ಬೀಗ ತೆಗೆದ ರಾತ್ರಿ ನಡುಮನೆಯ ದೀಪಕ್ಕೆ ಎಣ್ಣೆ ಹಾಕುತ್ತಿದ್ದಾರೆ. ಎರಡು ವರ್ಷದಲ್ಲಿ ಯಾರೂ ಉದ್ದೇಶಿಸದೆಯೇ, ಆ ಮನೆಯಲ್ಲಿ ನಡೆದದ್ದನ್ನೆಲ್ಲ ಕಂಡ ಒಬ್ಬಳೇ ಸಾಕ್ಷಿ ತಯಾರಾಗಿದ್ದಳು.

ನನ್ನ ಮಟ್ಟಿಗೆ ಈ ಪ್ರಕರಣದ ತಿರುಳು ಇರುವುದೇ ಇಲ್ಲಿ. ರಹಸ್ಯವನ್ನು ಎಳೆಯಬೇಕಾದರೆ ಗೊತ್ತಿದ್ದವರು ಯಾರಾದರೂ ಬಾಯಿ ಮುಚ್ಚಿಕೊಂಡಿರಬೇಕು. ಹತ್ತು ಸಂಚಿಕೆಗೆ ಅದು ತಂತ್ರ. ಐನೂರು ಸಂಚಿಕೆಯಾದರೆ ಆ ಮೌನವೇ ಕೊಲೆಗಿಂತ ದೊಡ್ಡ ಅಪರಾಧವಾಗಿ ಬೆಳೆದಿರುತ್ತದೆ. ಕೊಂದವರು ಯಾರೆಂಬ ಕುತೂಹಲ ನೋಡುಗರಲ್ಲಿ ಎಂದೋ ಸವೆದುಹೋಗಿದೆ. ಅವರ ಎದೆಯಲ್ಲಿ ಉಳಿದಿರುವುದು ಸಿಟ್ಟು: ಇಷ್ಟು ದಿನ ಈ ಹುಡುಗಿ ಒದ್ದಾಡುವುದನ್ನು ನೋಡುತ್ತ ಇವರೆಲ್ಲ ಸುಮ್ಮನಿದ್ದರಲ್ಲ! ಎಳೆದಾಟಕ್ಕೆ ಬರಹಗಾರರ ಮೇಲೆ ಬಂದ ಸಿಟ್ಟೂ ಅದರಲ್ಲೇ ಸೇರಿಕೊಂಡಿರುತ್ತದೆ. ಆ ಸಿಟ್ಟಿಗೆ ಕಥೆಯೊಳಗೇ ಒಬ್ಬರು ಉತ್ತರ ಹೇಳಬೇಕು.

ವಾದ

ಹಾಗಾಗಿ ತಂಡ ಎರಡು ತೀರ್ಮಾನ ಮಾಡಿತು. ಕೊಲೆಗಾರ ಮೂಲದಲ್ಲಿದ್ದಂತೆ ದೊಡ್ಡಪ್ಪನೇ. ಅದನ್ನು ಕೊನೆಯ ವಾರಕ್ಕೆ ಇಟ್ಟುಕೊಳ್ಳದೆ ಇಪ್ಪತ್ತನೇ ಸಂಚಿಕೆಯಲ್ಲೇ ಬಯಲು ಮಾಡಿ, ಉಳಿದ ಮೂರು ವಾರ ‘ಯಾರಿಗೆ ಗೊತ್ತಿತ್ತು’ ಎಂಬ ಪ್ರಶ್ನೆಗೆ ಬಿಡುವುದು.

ಚಾನೆಲ್‌ನ ಕ್ರಿಯೇಟಿವ್ ಮುಖ್ಯಸ್ಥರು ಇದಕ್ಕೆ ಸುತರಾಂ ಒಪ್ಪಲಿಲ್ಲ. ಅವರ ವಾದ ಪೊಳ್ಳಾಗಿರಲಿಲ್ಲ. 1990ರಲ್ಲಿ ಅಮೆರಿಕದಲ್ಲಿ ಶುರುವಾದ ‘ಟ್ವಿನ್ ಪೀಕ್ಸ್’ ಉದಾಹರಣೆ ಕೊಟ್ಟರು. ಲಾರಾ ಪಾಮರ್‌ಳನ್ನು ಕೊಂದವರು ಯಾರು ಎಂಬುದೇ ಅದರ ಉಸಿರಾಗಿತ್ತು. ಚಾನೆಲ್‌ನ ಒತ್ತಾಯಕ್ಕೆ ಅದೇ ನವೆಂಬರ್‌ನಲ್ಲಿ ಉತ್ತರ ಹೇಳಿದರು, 1991ರ ಜೂನ್‌ಗೆ ಧಾರಾವಾಹಿಯೇ ನಿಂತಿತು. ಗುಟ್ಟು ಹೋದ ಮೇಲೆ ಏನಿದೆ ನೋಡೋಕೆ, ಅಂದರು.

ಚಿತ್ರಕಥೆಯ ಹಿರಿಯರು ಕೊಟ್ಟ ಉತ್ತರ ಹೀಗಿತ್ತು: ಅಲ್ಲಿ ಗುಟ್ಟು ಬಿಚ್ಚಿದ ಮೇಲೆ ಹೊಸ ಖಳನಾಯಕನನ್ನು, ಹೊಸ ಒಗಟನ್ನು ಹುಡುಕಿಕೊಂಡು ಹೋದರು. ನಾವು ಹೊಸದೇನನ್ನೂ ತರುವುದಿಲ್ಲ. ಅದೇ ಮನೆ, ಅದೇ ಜನ, ಅದೇ ರಾತ್ರಿ. ಕೇಳುವ ಪ್ರಶ್ನೆಯಷ್ಟೇ ಬದಲಾಗುತ್ತದೆ. ಚಾನೆಲ್ ಕೊನೆಗೆ ಒಪ್ಪಿತು. ವಾದಕ್ಕೆ ಮಣಿದು ಒಪ್ಪಿತೆಂದು ನಾನು ಹೇಳಲಾರೆ. ಹತ್ತೂವರೆಯ ಸ್ಲಾಟ್, ಮುಗಿಯುತ್ತಿರುವ ಧಾರಾವಾಹಿ, ಅವರ ಗಮನವೆಲ್ಲ ಹೊಸದರ ಲಾಂಚ್ ಮೇಲಿತ್ತು.

ಸಾಲದ ಪುಸ್ತಕದ ಮೂರನೇ ಕಲಂ ಉಪಯೋಗಕ್ಕೆ ಬಂದದ್ದು ಈ ಹಂತದಲ್ಲಿ. ಪ್ರೋಮೋದಲ್ಲಿ ಚಾನೆಲ್ಲೇ ದನಿಯೆತ್ತಿ ಕೇಳಿದ ಪ್ರಶ್ನೆಗೆ ಉತ್ತರ ಕೊಡಲೇಬೇಕು, ಯಾಕೆಂದರೆ ಅದಕ್ಕಾಗಿ ಜನರನ್ನು ಮರುದಿನ ಕೂರಿಸಿದ್ದೇವೆ. ಯಾವುದಾದರೂ ಪಾತ್ರ ಕಣ್ಣೀರು ಹಾಕಿದ ಪ್ರಶ್ನೆಗೂ ಕೊಡಬೇಕು. ಉಳಿದವನ್ನು ಕೈಬಿಡಬಹುದು. ನಿಧಿ ಹೋಯಿತು, ಹಾವು ಹೋಯಿತು, ಸ್ವಾಮಿಯ ನಿಜವಾದ ಹೆಸರೂ ಹೋಯಿತು. ಒಬ್ಬರೂ ಆಮೇಲೆ ಅವನ್ನು ಕೇಳಲಿಲ್ಲ.

ಕಾಗದ ಕೈಬಿಡುವಂತಿರಲಿಲ್ಲ. ಗುಮಾಸ್ತ ಇಲ್ಲದ ಮೇಲೆ ಅದನ್ನು ಸೀತತ್ತೆಯೇ ಬರೆದಳೆಂದು ಮಾಡಿದೆವು. ಬಾಯಲ್ಲಿ ಹೇಳಲಾರದ್ದನ್ನು ಅವಳು ಸತ್ತವಳ ಅಕ್ಷರದಲ್ಲಿ ಹೇಳುತ್ತಿದ್ದಳು. ಚೆನ್ನಾಗಿಯೇ ಕೂತಿತು, ಒಂದು ಕಾಗದದ ಹೊರತು. ನಾಲ್ಕನೆಯದೋ ಐದನೆಯದೋ ಕಾಗದದಲ್ಲಿ ಅನಘಾಳ ಹಾಸ್ಟೆಲ್ ಕೋಣೆಯ ಒಂದು ಸಂಗತಿಯಿತ್ತು, ಮನೆ ಬಿಟ್ಟು ಹೊರಗೆ ಹೋಗದ ಸೀತತ್ತೆಗೆ ಅದು ತಿಳಿಯುವ ದಾರಿಯೇ ಇರಲಿಲ್ಲ. ಪುಸ್ತಕದಲ್ಲಿ ಅದಕ್ಕೆ ಕೆಂಪು ಗೆರೆ ಎಳೆದಿತ್ತು. ಗೊತ್ತಿದ್ದೇ ಬಿಟ್ಟೆವು.

ಕೊನೆಯ ವಾರ

ಕೊನೆಯ ಸಂಚಿಕೆಯ ಹಿಂದಿನ ಸಂಚಿಕೆಯ ಮುಕ್ಕಾಲು ಪಾಲು ಒಂದೇ ಸೀನ್. ಅಡುಗೆಮನೆ. ದೊಡ್ಡಪ್ಪನನ್ನು ಪೊಲೀಸರು ಕರೆದುಕೊಂಡು ಹೋಗಿ ಕೆಲವು ದಿನವಾಗಿದೆ. ಸೀತತ್ತೆ ನೀರುದೋಸೆ ಹುಯ್ಯುತ್ತಿದ್ದಾಳೆ, ಅನಘಾ ಬಾಗಿಲಲ್ಲಿ ನಿಂತಿದ್ದಾಳೆ. ಬರೆದ ಕರಡಿನಲ್ಲಿ ಅನಘಾಳಿಗೆ ಎರಡು ಪುಟದ ಭಾಷಣವಿತ್ತು. ಸೀತತ್ತೆಯ ಪಾತ್ರದವರು ಓದಿ ನೋಡಿ, “ಇಷ್ಟೆಲ್ಲ ಬೈದ್ರೆ ನನಗೆ ಅಳೋಕೆ ಸುಲಭ ಆಗುತ್ತೆ ಸಾರ್, ಕಡಿಮೆ ಮಾಡಿ” ಅಂದರು. ಉಳಿದದ್ದು ಇಷ್ಟು:

“ಅತ್ತೆ, ನಿಮಗೆ ಯಾವಾಗಿಂದ ಗೊತ್ತು?”

“ಅವತ್ತೇ ಗೊತ್ತು ಮಗಾ. ತೇರಿನ ರಾತ್ರಿನೇ.”

“ಯಾಕೆ ಹೇಳ್ಲಿಲ್ಲ?”

“ಹೇಳಿದ್ರೆ ನಾನು ಎಲ್ಲಿಗೆ ಹೋಗ್ತಿದ್ದೆ?”

“ನಾನು ಎಲ್ಲಿಗೆ ಹೋದೆ ಅಂತ ಕೇಳಿದ್ರಾ?”

ಹೆಂಚಿನ ಮೇಲಿನ ದೋಸೆ ಸೀದು ಹೊಗೆ ಬರುವವರೆಗೂ ಕ್ಯಾಮೆರಾ ಕದಲಲಿಲ್ಲ. ಆಮೇಲೆ ಹಳೇ ಸಂಚಿಕೆಗಳ ತುಣುಕುಗಳು ಬಂದವು. ಅವರೆಕಾಯಿ, ಒಣಹಾಕಿದ ಬಟ್ಟೆ, ದೀಪದ ಎಣ್ಣೆ, ಹಿಂದೆ ಮಸುಕಾಗಿ ನಿಂತ ಅದೇ ಮುಖ. ಒಂದನ್ನೂ ಹೊಸದಾಗಿ ಶೂಟ್ ಮಾಡಿದ್ದಲ್ಲ. ಎರಡು ವರ್ಷ ನೋಡಿದವರ ಕಣ್ಣೆದುರೇ ಇದ್ದದ್ದು.

ಕೊಲೆಯ ಫ್ಲ್ಯಾಶ್‌ಬ್ಯಾಕ್ ಬೇಕೇ ಬೇಕು ಎಂದು ಚಾನೆಲ್ ಪಟ್ಟು ಹಿಡಿದಿತ್ತು, ಮಳೆ, ಗುಡುಗು ಎಲ್ಲ ಸೇರಿ. ಮಾತಿಲ್ಲದ ಒಂದು ಸಣ್ಣ ತುಣುಕಿಗೆ ರಾಜಿಯಾಯಿತು.

ಆದದ್ದು

ಆ ಅಡುಗೆಮನೆ ಸೀನ್‌ನ ತುಣುಕು ವಾಟ್ಸಾಪ್‌ನಲ್ಲಿ ಓಡಾಡಿತು. ನಕಲಿ ಶಾರದೆಯ ನಂತರ ನೋಡುವುದು ಬಿಟ್ಟಿದ್ದವರಲ್ಲಿ ಕೆಲವರು ಮರಳಿ ಬಂದು ಬರೆದರು. ಅವರಲ್ಲಿ ಬಹಳಷ್ಟು ಹೆಂಗಸರು ಕೊಲೆಯ ಮಾತೇ ಎತ್ತಲಿಲ್ಲ, ತಮ್ಮ ಮನೆಗಳಲ್ಲಿ ಹೀಗೆ ಸುಮ್ಮನಿದ್ದ ಅತ್ತೆ, ಚಿಕ್ಕಮ್ಮಂದಿರ ಬಗ್ಗೆ ಬರೆದರು. ಕೊನೆಯ ವಾರದ ಅಂಕಿಯೂ ಏರಿತು. ಆದರೆ ಮುಗಿಯುವ ವಾರ ಅಂಕಿ ಏರುವುದು ಮಾಮೂಲು, ಅದನ್ನು ಮುಕ್ತಾಯದ ಗುಣಕ್ಕೆ ಸರ್ಟಿಫಿಕೇಟ್ ಎನ್ನಲಾಗದು.

ಸುಳಿವು ಜೋಡಿಸಿಕೊಂಡು ನೋಡುತ್ತಿದ್ದವರು ಸಮಾಧಾನಪಡಲಿಲ್ಲ. ಹಾಸ್ಟೆಲ್‌ನ ಕಾಗದವನ್ನು ಒಂದೇ ದಿನದಲ್ಲಿ ಹಿಡಿದರು. ಬೀರುವಿನಲ್ಲಿ ಚಪ್ಪಲಿ ಇಟ್ಟವರು ಯಾರೆಂದು ಈಗಲೂ ಕೇಳುವವರಿದ್ದಾರೆ. ಅವರ ದೂರು ನ್ಯಾಯವಾದದ್ದೇ. ಆ ಚಪ್ಪಲಿಯೂ ಪ್ರೋಮೋದಲ್ಲಿ ಬಂದಿತ್ತು, ನಮ್ಮ ನಿಯಮದ ಪ್ರಕಾರವೇ ಅದಕ್ಕೆ ಉತ್ತರ ಸಲ್ಲಬೇಕಿತ್ತು. ಬರೆದ ಸೀನ್ ಎಡಿಟಿಂಗ್‌ನಲ್ಲಿ ಹೋಯಿತು.

ಇನ್ನೊಂದು ಯಡವಟ್ಟು ತಂಡದ ಕೈಯಲ್ಲಿರಲಿಲ್ಲ. ಕೊನೆಯ ಸಂಚಿಕೆ ಮುಗಿದು ತಂಡದವರ ಹೆಸರುಗಳು ಓಡುವಾಗ ಚಾನೆಲ್ ತನ್ನ ಕಡೆಯಿಂದ ಒಂದು ದೃಶ್ಯ ಸೇರಿಸಿತು: ಕೆರೆಯ ನೀರಿನಿಂದ ಮೇಲೇಳುವ ಒಂದು ಕೈ, ‘ಕಥೆ ಮುಗಿಯಿತೇ?’ ಎಂಬ ದನಿ. ಎರಡನೇ ಸೀಸನ್ ಬಂದರೆ ಇರಲಿ ಎಂಬ ದೂರದೃಷ್ಟಿ. ಹಾಗಾದರೆ ಶಾರದೆ ಬದುಕಿದ್ದಾಳಾ ಎಂದು ಜನ ಮರುದಿನವೆಲ್ಲ ಕೇಳಿದರು. ಬಾವಿಯಲ್ಲಿ ಮೂಳೆ ಸಿಕ್ಕ ಸಂಚಿಕೆಯನ್ನು ಅವರೇ ನೋಡಿದ್ದರು! ‘ಲಾಸ್ಟ್’ಗೂ ಇಂಥದೇ ಆಗಿತ್ತು. 2010ರ ಮೇ 23ರ ಕೊನೆಯ ಸಂಚಿಕೆಯ ಕಡೆಗೆ ಓಡುವ ಹೆಸರುಗಳ ಹಿಂದೆ ಚಾನೆಲ್ ತಾನಾಗಿ ವಿಮಾನದ ಅವಶೇಷಗಳ ಚಿತ್ರ ಹಾಕಿತು. ಎಲ್ಲರೂ ಮೊದಲ ದಿನವೇ ಸತ್ತಿದ್ದರೆಂದು ಅದನ್ನು ನೋಡಿ ಎಷ್ಟೋ ಜನ ನಂಬಿಬಿಟ್ಟರು. ಕಥೆ ಹೇಳಿದ್ದು ಹಾಗಲ್ಲ.

ತಂಡದೊಳಗೆ ಒಪ್ಪದ ಸಂಗತಿಗಳು

ಕೊನೆಯನ್ನು ಮೊದಲೇ ಬರೆದಿಟ್ಟುಕೊಂಡಿದ್ದರೆ ಈ ಪಾಡು ಬರುತ್ತಿರಲಿಲ್ಲ ಎನ್ನುವವರಿದ್ದಾರೆ. ನಮ್ಮ ಕಥೆಗೆ ಕೊನೆ ಮೊದಲೇ ಇತ್ತು ಎನ್ನುವುದನ್ನು ಅವರು ಮರೆಯುತ್ತಾರೆ. 130 ಸಂಚಿಕೆಗೆ ಹೊಂದುತ್ತಿದ್ದ ಕೊನೆ 500ಕ್ಕೆ ಸಾಲಲಿಲ್ಲ. ಅಷ್ಟು ದಿನದಲ್ಲಿ ಪಾತ್ರಗಳಿಗೆ ವಯಸ್ಸಾಯಿತು, ನೋಡುಗರ ಮನಸ್ಸೂ ಬೇರೆಯಾಯಿತು. ದೊಡ್ಡಪ್ಪನ ಹೆಸರನ್ನು ಉಳಿಸಿಕೊಂಡೆವು ನಿಜ, ಅದರ ಭಾರ ಇನ್ನೊಬ್ಬಳ ಮೇಲೆ ಬಂತು. ನಿರ್ದೇಶಕರು ಇದನ್ನು ಅದೃಷ್ಟ ಎನ್ನುತ್ತಾರೆ: ಆ ಕಲಾವಿದೆ ದೂರದ ಬಡಾವಣೆಯಲ್ಲಿ ಮನೆ ಮಾಡಿದ್ದರೆ ನಮಗೆ ಕೊನೆಯೇ ಇರುತ್ತಿರಲಿಲ್ಲವಂತೆ. ನನಗೆ ಹಾಗನ್ನಿಸುವುದಿಲ್ಲ. ಅಷ್ಟು ದಿನ ನಡೆದ ಯಾವ ಕಥೆಯಲ್ಲೂ ಹೀಗೆ ಎಲ್ಲವನ್ನೂ ಕಂಡು ಸುಮ್ಮನಿದ್ದ ಒಬ್ಬರು ಇದ್ದೇ ಇರುತ್ತಾರೆ, ಹುಡುಕಲು ಯಾರಾದರೂ ಬರೆದಿಟ್ಟಿರಬೇಕು ಅಷ್ಟೇ.

ಸಹಾಯಕ ನಿರ್ದೇಶಕಿ ಈಗ ಅದೇ ಸಂಸ್ಥೆಯ ಹೊಸ ಧಾರಾವಾಹಿಯ ಚಿತ್ರಕಥೆ ವಿಭಾಗದಲ್ಲಿದ್ದಾರೆ. ನಾಲ್ಕು ಕಲಮಿನ ಪುಸ್ತಕ ಅಲ್ಲಿ ಮೊದಲ ವಾರದಿಂದಲೇ ಶುರುವಾಗಿದೆ. ಮುಕ್ತಾಯದ ತಾರೀಖನ್ನು ಒಪ್ಪಂದದಲ್ಲೇ ಬರೆಯಿರಿ ಎಂದು ತಂಡ ಕೇಳಿತು, ಚಾನೆಲ್ ಒಪ್ಪಲಿಲ್ಲ. ಬಹಳ ಎಳೆದಾಡಿದ ಮೇಲೆ, ನಿಲ್ಲಿಸುವುದಾದರೆ ಕನಿಷ್ಠ ಹತ್ತು ವಾರ ಮೊದಲು ತಿಳಿಸಬೇಕು, ಕೊನೆಯ ಸಂಚಿಕೆಗೆ ನಿರ್ದೇಶಕರ ಗಮನಕ್ಕೆ ತಾರದೆ ಏನನ್ನೂ ಸೇರಿಸಬಾರದು ಎಂಬ ಎರಡು ಸಾಲು ಸೇರಿವೆ.